ಆಕಾಶದಿಂದ ಇಳಿದವಳನ್ನು ಅಕ್‌ಬೋಪೆ ಕೇಳಿದ್ದು

ಕರಾಸಾಯ್ ಹಳ್ಳಿ, ಜೆಜ್ಕಾಜ್ಗಾನ್ ಸೀಮೆ
ಅಕ್ಟೋಬರ್ ೧೪

ಪ್ರೀತಿಯ ಮಾರ್ಜಾನ್ ಅಕ್ಕನಿಗೆ,

ನಿನ್ನ ತಂಗಿ ರೌಶನ್ ಮಾಡುವ ಸಲಾಮು. ನೀನು, ಭಾವ, ಮಕ್ಕಳು ಎಲ್ಲ ಚೆನ್ನಾಗಿದ್ದೀರಿ ತಾನೆ? ನಿನ್ನ ಕಾಗದ ಬಂದು ಬೇಸಿಗೆಯೇ ಕಳೆಯಿತು, ಬೈಯಬೇಡ. ಉಣ್ಣೆ ಕತ್ತರಿಸುವುದಿತ್ತು, ಚಳಿಗಾಲಕ್ಕೆ ಹುಲ್ಲು ಒಟ್ಟುವುದಿತ್ತು ಎಂದು ನೆಪ ಹೇಳಬಹುದು. ನಿಜವೆಂದರೆ ಬರೆಯುವಂಥದ್ದೇನೂ ಇರಲಿಲ್ಲ. ಈಗ ಇದೆ.

ಹೋದ ವಸಂತದಲ್ಲಿ ನಮ್ಮ ಹುಲ್ಲುಗಾವಲಿಗೆ ಬಾಹ್ಯಾಕಾಶದ ಗೂಡು ಬಂದು ಇಳಿಯಿತಲ್ಲ, ಅದರಲ್ಲಿದ್ದ ಹೆಂಗಸು ಲಿದಿಯಾ ಪಾವ್ಲೊವ್ನಾ ನಿನ್ನೆ ಮತ್ತೆ ಬಂದಿದ್ದಳು. ಇಳಿದ ದಿನ ಅವಳಿಗೆ ನಿಲ್ಲಲೂ ಆಗದೆ ಕುರ್ಚಿಯಲ್ಲಿ ಹೊತ್ತು ಒಯ್ದಿದ್ದರು. ಈ ಊರನ್ನು ಸ್ವಂತ ಕಾಲಮೇಲೆ ನಿಂತು ನೋಡಬೇಕೆಂದು ಆಸೆಯಂತೆ. ಶಾಲೆಯಲ್ಲಿ ಊರಿಗೆ ಊರೇ ಸೇರಿತ್ತು. ಅತ್ತೆ ಬಿಳಿ ತಲೆವಸ್ತ್ರ ಕಟ್ಟಿ ಮುಂದಿನ ಸಾಲಿನಲ್ಲಿ ಕೂತಿದ್ದರು. ನಮ್ಮ ಪುಟ್ಟ ಅಕ್‌ಬೋಪೆ ಅವರ ತೊಡೆಗೆ ಒರಗಿದ್ದಳು. ನಾನು ನೀರು ಕುದಿಯುವ ಸಮೋವರಿನ ಪಕ್ಕ ನಿಂತು ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದೆ.

ಮಕ್ಕಳು ಕೇಳಿದ್ದನ್ನು ಮೇಷ್ಟ್ರು ರಷ್ಯನ್ನಿನಲ್ಲಿ ಹೇಳುವುದು, ಅವಳ ಉತ್ತರವನ್ನು ನಮ್ಮ ಮಾತಿನಲ್ಲಿ ಹೇಳುವುದು, ಹೀಗೆ ನಡೆದಿತ್ತು.

"ಅಲ್ಲಿ ಹೆಂಗೆ ಮಲಗ್ತೀರಿ?"

"ಚೀಲದೊಳಗೆ ಹೊಕ್ಕು, ಚೀಲಾನ ಗೋಡೆಗೆ ಕಟ್ಕೊಂಡು. ಇಲ್ಲಾಂದ್ರೆ ನಿದ್ದೇಲಿ ತೇಲ್ಕೊಂಡು ಹೋಗಿ ಯಾರ ಮೂಗಿಗಾದ್ರೂ ಒದೀತೀವಿ."

"ನೀರು ಎಲ್ಲಿಂದ?"

"ನಮ್ಮ ಉಚ್ಚೇನೇ ಸೋಸಿ, ಶುದ್ಧ ಮಾಡಿ ಕುಡೀತೀವಿ."

ಮುದುಕ ಜಕಿಯಾ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, "ರೌಶನ್, ಇದು ಯಾವ ನೀರಮ್ಮ?" ಎಂದ. ನಗು ನಿಲ್ಲಲಿಲ್ಲ. ಅಲ್ಲಿದ್ದಾಗ ಮನುಷ್ಯ ಎರಡು ಬೆರಳು ಉದ್ದವಾಗುತ್ತಾನೆ ಎಂದಾಗ ಒಬ್ಬಳು, "ಹಂಗಾದ್ರೆ ನಮ್ಮ ಮೇಷ್ಟ್ರನ್ನ ಕಳಿಸಿ" ಎಂದಳು. ಅದನ್ನು ಮೇಷ್ಟ್ರು ರಷ್ಯನ್ನಿಗೆ ತರಲಿಲ್ಲ.

ಆಗ ಅಕ್‌ಬೋಪೆ ಎದ್ದು ನಿಂತಳು.

"ನೀವು ಅಷ್ಟು ದಿನ ಮೇಲಿದ್ರಲ್ಲ, ನಿಮ್ಮ ಮಗೂನ ಯಾರು ನೋಡ್ಕೊಂಡ್ರು?"

"ನಮ್ಮಮ್ಮ. ನಾನು ಹೋಗುವಾಗ ಮಗನಿಗೆ ಮಾತು ಬರ್ತಿರಲಿಲ್ಲ. ವಾಪಸ್ ಬಂದ್ರೆ ಅವಳನ್ನೇ ಅಮ್ಮ ಅಂತಿದ್ದ. ನನ್ನ ಕಂಡು ಅವಳ ಬೆನ್ನ ಹಿಂದೆ ಅಡಗಿದ."

"ಹಂಗಾದ್ರೆ ಅವನ ಅಮ್ಮ ಯಾರು?"

"ಹೆತ್ತವಳೇ ಅಮ್ಮ, ಪುಟ್ಟಿ. ಯಾರು ಬೆಳೆಸಿದ್ರೂ ಹೆತ್ತವಳೇ."

ಮೇಷ್ಟ್ರು ಹೇಳುತ್ತಾ ಹೇಳುತ್ತಾ ದನಿ ಇಳಿಸಿದರು. ಪಾಪ, ಆ ಅತಿಥಿಗೆ ನಮ್ಮ ಪದ್ಧತಿ ಏನು ಗೊತ್ತು? ಚೊಚ್ಚಲ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿದ ಮೇಲೆ ಅದು ಅಜ್ಜಿಯ ಮಗುವೇ. ನೀನೂ ಹಾಕಿದವಳು, ನಿನಗೆ ಹೇಳಬೇಕಿಲ್ಲ. ನಾನು ಹೆತ್ತ ಅಕ್‌ಬೋಪೆ ನನ್ನನ್ನು ಅತ್ತಿಗೆ ಎನ್ನುತ್ತಾಳೆ, ತನ್ನ ಅಪ್ಪನನ್ನು ಅಣ್ಣ ಎನ್ನುತ್ತಾಳೆ. ಊರಿಗೆಲ್ಲ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ.

ಹಿಂದಿನ ಬೆಂಚಿನಿಂದ ಪಕ್ಕದ ಮನೆಯ ಹುಡುಗಿ ಜಾನಾರ್ ಹೇಳಿಬಿಟ್ಟಳು: "ಅಕ್‌ಬೋಪೆ, ಹಂಗಾದ್ರೆ ನಿಮ್ಮಮ್ಮ ಅಲ್ಲಿ ಚಹಾ ಬಗ್ಗಿಸ್ತಾ ಇದಾಳೆ ನೋಡು."

ಜಾನಾರಳ ತಾಯಿ ಅವಳ ಬಾಯಿಗೆ ಹೊಡೆದಳು. ಬಿಸಿ ಚಹಾ ಬಟ್ಟಲು ತುಂಬಿ ನನ್ನ ಕೈಮೇಲೆ ಹರಿಯುತ್ತಿತ್ತು, ನನಗೆ ಸುಟ್ಟದ್ದೇ ತಿಳಿಯಲಿಲ್ಲ. ಅಕ್‌ಬೋಪೆ ತಿರುಗಿ ನನ್ನನ್ನು ನೋಡಿದಳು. ಹಾಗೆ ಅವಳು ಎಂದೂ ನನ್ನನ್ನು ನೋಡಿರಲಿಲ್ಲ, ಅಕ್ಕ. ಆಮೇಲೆ, "ಥೂ, ಅವಳು ನಮ್ಮ ಅತ್ತಿಗೆ" ಎಂದು ನಕ್ಕಳು.

ಅತ್ತೆ ತಿರುಗಲೂ ಇಲ್ಲ. "ರೌಶನ್, ಅತಿಥಿಯ ಚಹಾ ತಣ್ಣಗಾಯ್ತು" ಎಂದರು. ನಾನು ತೆಗೆದುಕೊಂಡು ಹೋದೆ. ಲಿದಿಯಾ ಪಾವ್ಲೊವ್ನಾ ಎಲ್ಲರ ಮುಖ ನೋಡಿ ಏನಾಯಿತೆಂದು ಕೇಳಿದಳು. ಮೇಷ್ಟ್ರು ಮುಂದಿನ ಪ್ರಶ್ನೆಗೆ ಇನ್ನೊಬ್ಬ ಹುಡುಗನನ್ನು ಎಬ್ಬಿಸಿದರು.

ಮನೆಗೆ ಬಂದ ಕೂಡಲೇ ಅತ್ತೆ ಕೇಳಿದರು: "ಆ ಪ್ರಶ್ನೆ ನೀನು ಹೇಳಿಕೊಟ್ಟಿದ್ದಾ?"

"ಇಲ್ಲ, ಅತ್ತೆ."

"ನನ್ನ ಕೂಸನ್ನ ಕಿತ್ಕೋಬೇಡ ಮಗಳೇ. ಅದು ಹೋದ್ರೆ ನಾನು ಉಳಿಯೋದಿಲ್ಲ."

ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು, ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡರು. ನನ್ನ ಗಂಡ, "ಮಕ್ಕಳ ಮಾತು, ನಾಳೆ ಮರೀತಾರೆ" ಎಂದು ಕುದುರೆಗಳ ಹತ್ತಿರ ಹೋದ.

ನೀನು ಹೇಗೆ ತಡೆದುಕೊಂಡೆ, ಅಕ್ಕ? ಎಂದೂ ಕೇಳಿರಲಿಲ್ಲ, ಈಗ ಕೇಳುತ್ತಿದ್ದೇನೆ. ನಿನ್ನ ಒಲೆ ಆರದಿರಲಿ. ನಿನ್ನ ಮಕ್ಕಳು ಹೋದ ದಾರಿಯೆಲ್ಲ ಬೆಳಕಾಗಿರಲಿ. ಭಾವನಿಗೆ ನಮಸ್ಕಾರ.

ನಿನ್ನ ತಂಗಿ,
ರೌಶನ್

ತಾ.ಕ.: ಇವತ್ತು ಬೆಳಿಗ್ಗೆ ಹಾಲು ಕರೆಯುತ್ತಿದ್ದಾಗ ಅಕ್‌ಬೋಪೆ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಅತ್ತಿಗೆ, ಜಾನಾರ್ ಹೇಳಿದ್ದು ನಿಜಾನಾ?" ಎಂದಳು. ನಿಜ ನಾಲಗೆಯ ತುದಿಗೆ ಬಂದಿತ್ತು. "ಸುಳ್ಳು" ಎಂದೆ. ಅವಳು ಉದ್ದಕ್ಕೆ ಉಸಿರು ಬಿಟ್ಟಳು. "ಸದ್ಯ. ನಂಗೆಷ್ಟು ಹೆದರಿಕೆ ಆಗಿತ್ತು ಗೊತ್ತಾ" ಎಂದು, ಅಮ್ಮಾ ಅಮ್ಮಾ ಎಂದು ಕೂಗುತ್ತಾ ಒಳಗೆ ಓಡಿದಳು.