ಮೊಸರಿಲ್ಲದ ಮನೆ

ಹೇಸ್, ಲಂಡನ್
9 ಮಾರ್ಚ್ 2025

ಪ್ರೀತಿಯ ಅತ್ತೆಯವರಿಗೆ,

ಕಲ್ಯಾಣಿಯ ನಮಸ್ಕಾರ. ನಿಮ್ಮ ಮೊಣಕಾಲು ಹೇಗಿದೆ? ವಿಜಯಪುರದಲ್ಲಿ ಆಗಲೇ ಬಿಸಿಲು ಏರಿರಬೇಕು, ಮಧ್ಯಾಹ್ನ ಹೊರಗೆ ಹೋಗಬೇಡಿ. ಬಿ.ಪಿ. ಗುಳಿಗೆ ತಪ್ಪಿಸಬೇಡಿ. ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುವವಳು ಪತ್ರ ಯಾಕೆ ಬರೆದಳು ಅನಿಸಬಹುದು. ಫೋನ್ ಮಾಡಿದಾಗ ನಿಮ್ಮ ಮಗ ಪಕ್ಕದಲ್ಲೇ ಕೂತಿರುತ್ತಾರೆ. ನಮ್ಮ ಬೀದಿಯ ಸೌಜನ್ಯಾ ಇವತ್ತು ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳ ಕನ್ನಡ ಇದು, ನಿಧಾನವಾಗಿ ಓದಿ.

ಹೋದ ಬೇಸಿಗೆಯಲ್ಲಿ ನೀವು ಬಂದಾಗ ಇವರ ಭೇದಿ ಒಂದು ಹದಕ್ಕೆ ಬಂದಿತ್ತು. ಅದಕ್ಕೆ ಮೊದಲು ಇವರ ಪಾಲಿಗೆ ಲಂಡನ್ ಅಂದರೆ ಟಾಯ್ಲೆಟ್ ಇರುವ ಸ್ಟೇಷನ್ನುಗಳು ಮತ್ತು ಇಲ್ಲದ ಸ್ಟೇಷನ್ನುಗಳು, ಅಷ್ಟೇ. ನಮ್ಮ ಬಡಾವಣೆಯ ಡಾಕ್ಟರ್, ಇಲ್ಲಿ ಜಿಪಿ ಅಂತಾರಲ್ಲ, ಅವರು ಮಾಡಿಸಿದ ಟೆಸ್ಟ್‌ಗಳಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಸಟನ್‌ನ ಚೀನೀ ವೈದ್ಯೆ ಮಿಸೆಸ್ ಲಿನ್ ನಾಲಗೆ ನೋಡಿ, ನಾಡಿ ಹಿಡಿದು, ಹೊಟ್ಟೆಯ ಬೆಂಕಿ ಆರಿದೆ, ತಣ್ಣಗಿನದು ಬೇಡ ಅಂದರು. ಹಸಿ ಸೌತೆಕಾಯಿ, ಹಾಲು, ಮೊಸರು ಎಲ್ಲ ನಿಂತಿತು. ಶುಂಠಿ ಹಾಕಿದ ಅಕ್ಕಿ ಗಂಜಿ, ಕಮಲದ ಬೀಜ, ಒಣ ಬೇರುಗಳ ಕಷಾಯ ಶುರುವಾಯಿತು. ಆ ವಾಸನೆಗೆ ನೀವು ಮೂಗಿಗೆ ಸೆರಗು ಹಿಡಿದು, “ಚೀನಾದಾಕಿಗೆ ನಮ್ಮ ಹೊಟ್ಟಿ ಏನ್ ತಿಳೀತದ?” ಅಂದಿರಿ. ಬೆಂಕಿಯ ಮಾತು ಹೇಳಿದ ಮೇಲೆ, “ಹಂಗಾದ್ರ ಶಾಣ್ಯಾಕಿ ಇದ್ದಾಳ ಬಿಡು” ಅಂತಲೂ ಅಂದಿರಿ.

ಆದರೆ ಮೊಸರಿನ ವಿಷಯದಲ್ಲಿ ನೀವು ಸೋಲಲಿಲ್ಲ. ಬಾಯ್ಲರ್ ಕಪಾಟಿನ ಬೆಚ್ಚಗಿನ ಟವೆಲ್‌ಗಳ ನಡುವೆ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಹಾಕಿಟ್ಟಿದ್ದಿರಿ. ನಾನು ಅದನ್ನು ಸಿಂಕಿಗೆ ಸುರಿದೆ. ಅವತ್ತಿನಿಂದ ಊಟ ಮುಗಿದರೂ ಏನೋ ಬರಬೇಕಾಗಿದೆ ಅನ್ನುವ ಹಾಗೆ ತಾಟಿನ ಮುಂದೆ ಕೂತೇ ಇರುತ್ತಿದ್ದಿರಿ. ಸರಿ ಮಾಡಿದೆನಾ? ಪಥ್ಯ ಫಲ ಕೊಡುತ್ತಿತ್ತು, ಅದೂ ಸುಳ್ಳಲ್ಲ. ಸೌತ್‌ಹಾಲ್‌ಗೆ ಬಸ್ಸಿನಲ್ಲಿ ಹೋಗಿ, ನಡುವೆ ಎಲ್ಲೂ ಇಳಿಯದೆ ವಾಪಸ್ ಬಂದ ದಿನ ಇವರು ಬಾಗಿಲಲ್ಲೇ ನಿಂತು ನಕ್ಕದ್ದು ನಿಮಗೂ ನೆನಪಿರಬೇಕು.

ನೀವು ಹೋದ ಮೇಲೆ ಚಳಿಗಾಲದಲ್ಲಿ ಇವರ ಅಂಗಿಗಳು ದೊಗಳೆಯಾದವು. ಪಥ್ಯದಿಂದ ಸೊರಗಿದ್ದಾರೆ ಅಂದುಕೊಂಡು ನಾನು ಗಂಜಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದೆ. ಮಿಸೆಸ್ ಲಿನ್ ಒಂದು ದಿನ ಬಹಳ ಹೊತ್ತು ನಾಡಿ ಹಿಡಿದು, ಕಷಾಯದ ಪೊಟ್ಟಣ ಕೊಡಲಿಲ್ಲ. ಮೊದಲು ಆಸ್ಪತ್ರೆಗೆ ಹೋಗಿ ಅಂದರು. ಅಲ್ಲಿ ಕ್ಯಾಮೆರಾ ಹಾಕಿ ನೋಡಿದರು, ಸ್ಕ್ಯಾನ್ ಮಾಡಿದರು.

ಹೋದ ಭಾನುವಾರ ಇವರು ನಿಮಗೆ, “ಅವ್ವಾ, ಟೆಸ್ಟ್ ಮುಗದಾವ. ಇನ್ ಮ್ಯಾಲೆ ಮಸರು ತಿನಬಹುದಂತ” ಅಂದರಲ್ಲ, ಡಾಕ್ಟರ್ ಹಾಗೆ ಹೇಳಿದ್ದು ನಿಜ. “ಕೇಳಿದೇನ ಕಲ್ಯಾಣಿ? ನನ್ನ ಡಬ್ಬಿ ಚೆಲ್ಲಿದ್ದಿ” ಅಂತ ನೀವು ನಕ್ಕಿರಿ. ಬೀದಿಗೆಲ್ಲ ಪೇಡೆ ಹಂಚುತ್ತೇನೆ ಅಂದಿರಿ. ನಾನೂ ನಕ್ಕೆ. ಇವರು ನನ್ನ ಕೈ ಹಿಡಿದುಕೊಂಡಿದ್ದರು.

ನಿಮ್ಮ ಮೊಮ್ಮಗಳು ಕೃತಿ ಓದುತ್ತಿದ್ದಾಳೆ, ಈಗಲೂ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ. ಅಜ್ಜಿಗೆ ಮುತ್ತು ಕಳಿಸು ಅಂದಿದ್ದಾಳೆ. ದೇವರ ಮುಂದೆ ದೀಪ ಹಚ್ಚುವಾಗ ಇವರ ಹೆಸರು ಇನ್ನೊಮ್ಮೆ ಹೇಳಿ.

ನಿಮ್ಮ ಸೊಸೆ,
ಕಲ್ಯಾಣಿ

ತಾ.ಕ.: ಸೌಜನ್ಯಾ ಬಾಗಿಲಲ್ಲಿ ನಿಂತಿದ್ದಾಳೆ. ಇಷ್ಟು ಬರೆದೂ ಬರೆಯಬೇಕಾದ್ದನ್ನು ಬರೆದಿಲ್ಲ. ಪೇಡೆ ಹಂಚಬೇಡಿ ಅತ್ತೆ. ಡಾಕ್ಟರ್ ಮೊಸರು ತಿನ್ನಬಹುದು ಅಂದದ್ದು ವಾಸಿಯಾಯಿತು ಅಂತಲ್ಲ. ಕರುಳಿನಲ್ಲಿ ಕ್ಯಾನ್ಸರ್, ಲಿವರ್‌ಗೂ ಹಬ್ಬಿದೆ. ಇನ್ನು ಪಥ್ಯ ಬೇಡ, ಅವರಿಗೆ ಇಷ್ಟವಾದದ್ದು ತಿನ್ನಲಿ ಅಂದರು. ನಿಮಗೆ ಹೇಳಬಾರದು ಅಂತ ಇವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನಿಮ್ಮ ವೀಸಾ ಇನ್ನೂ ಮುಗಿದಿಲ್ಲ, ಸೌಜನ್ಯಾ ವಾಪಸ್ ಬರುವಾಗ ಅವಳ ಜೊತೆಗೇ ಬನ್ನಿ. ಅಂಗಡಿ ಮೊಸರನ್ನು ಇವರು ಎರಡು ಚಮಚ ತಿಂದು ತಾಟು ಸರಿಸಿದರು, “ಅವ್ವನ ಕೈದಲ್ಲ” ಅಂದರು. ಬಾಯ್ಲರ್ ಕಪಾಟಿನಿಂದ ಟವೆಲ್‌ಗಳನ್ನು ತೆಗೆದಿದ್ದೇನೆ. ನಿಮ್ಮ ಡಬ್ಬಿಯನ್ನು ತೊಳೆದು ಅಲ್ಲಿಟ್ಟಿದ್ದೇನೆ.