ಕೌದಿ ಮೂಲೆಯ ಜೋಳದ ಕಾಳು

ಏನ್ರೀ, ಹಾಸಿಗಿ ಮ್ಯಾಲಿನ ಕೌದಿ ಇಲ್ಲಂತ ಗಾಬರಿ ಆಗಬ್ಯಾಡ್ರಿ. ಈ ಸಲ ಕಳ್ಳರು ಬಂದಿಲ್ಲ, ನಾನ ಒಯ್ದೀನಿ.

ಕಳುವಾದ ನಮ್ಮ ಹೊಲಿಗಿ ಮಷೀನ್ ಸಿಕ್ಕೈತಿ! ಮ್ಹಾಪಸಾ ಊರಿನ ಶುಕ್ರವಾರದ ಸಂತ್ಯಾಗ ಹಳೇ ಸಾಮಾನಿನಾಂವ ಮಾರಾಕ ಇಟ್ಟಾನ. ಅದಕ್ಕ ಹೊಚ್ಚಿದ್ದ, ಅವ್ವ ಹೊಲಿದ ಕೌದೀನೂ ಹಂಗ ಐತಿ. ಅಂವ ಎತ್ತಿಕೊಂಡು ಓಡಬಾರದಂತ ಬಾಜೂಮನಿ ಭಾಗವ್ವನ್ನ ಮಷೀನಿನ ಪೆಟ್ಟಿಗಿ ಮ್ಯಾಲೇ ಕುಂದ್ರಿಸಿ ಬಂದೀನಿ.

ಮೂರು ಸಲ ಠಾಣೆಗೆ ಹೋದ್ರೂ ಫೌಜದಾರ ಕಂಪ್ಲೇಂಟ್ ಬರಕೊಳ್ಳಲಿಲ್ಲ, "ಬಿಲ್ ತಗೊಂಡು ಬಾ" ಅಂದ. ನೀವೂ "ಹೋಗ್ಲಿ ಬಿಡು" ಅಂದ್ರಿ. ತವರಮನಿಯವರು ಕೊಟ್ಟ ಮಷೀನಿಗೆ ಎಲ್ಲಿಂದ ಬಿಲ್ ತರ್ಲಿ? ಇವತ್ತ ಆ ಫೌಜದಾರನ್ನ ಸಂತಿಗೇ ಕರಕೊಂಡು ಹೋಗ್ತೀನಿ. ಕೌದಿ ಹಸಿದಿರಬಾರದಂತ ನಮ್ಮವ್ವ ಮೂಲ್ಯಾಗ ಐದು ಜ್ವಾಳದ ಕಾಳು ಇಟ್ಟು ಹೊಲೀತಾಳಲ್ರಿ, ಅದ ನನ್ನ ಬಿಲ್ಲು. ಮೊದಲ ಮನ್ಯಾಗಿನ ಕೌದಿ ಮೂಲಿ ಬಿಚ್ಚಿ ತೋರಿಸ್ತೀನಿ. ಆಮ್ಯಾಲ ಸಂತ್ಯಾಗಿನದನ್ನ ಫೌಜದಾರನ ಕೈಲೇ ಬಿಚ್ಚಿಸ್ತೀನಿ.

ರೊಟ್ಟಿ ಬುಟ್ಟ್ಯಾಗ ಅದಾವ. ಪಲ್ಯ ಬಿಸಿ ಮಾಡ್ಕೊಳ್ರಿ.

ಉಂಡು ಸಂತಿಗೆ ಬರ್ರಿ. ಮಾತಾಡಾಕ ನಾ ಒಬ್ಬಾಕಿ ಸಾಕು, ಮಷೀನ್ ಹೊರಾಕ ನೀವು ಬೇಕು.

ಮಂಗಲಾ