ಮೊದಲೇ ಮುದ್ರೆ ಬಿದ್ದ ಆರು ಜೇನುನೊಣಗಳು

ಅಂಚೆಚೀಟಿ ಬಿಡುಗಡೆ ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿರುವ ಮಾನ್ಯರೇ,

ನಿಮ್ಮ ಇಲಾಖೆ ನನ್ನ ಸೋದರಮಾವನನ್ನು ಕಳ್ಳ ಎಂದು ಕರೆದಿದೆ. ಬಾಯಲ್ಲಿ ಕರೆದಿದ್ದರೆ ಗಾಳಿಗೆ ಹೋಗುತ್ತಿತ್ತು. ನೀವು ಕೆಂಪು ಶಾಯಿಯಲ್ಲಿ, ರಬ್ಬರ್ ಮುದ್ರೆ ಒತ್ತಿ, ಆರು ಲಕೋಟೆಗಳ ಮೇಲೆ ಕರೆದಿದ್ದೀರಿ: ‘ಬಳಸಿದ ಅಂಚೆಚೀಟಿ. ಮರುಬಳಕೆ ಅಪರಾಧ.’ ಆ ಚೀಟಿಗಳನ್ನು ಮೊದಲು ಬಳಸಿದವರು ಯಾರು ಎಂದು ಕೇಳುವುದಕ್ಕೆ ಈ ಬಹಿರಂಗ ಪತ್ರ. ಉತ್ತರ ನನಗೆ ಗೊತ್ತು. ನಿಮಗೂ ಗೊತ್ತಾಗಲಿ ಎಂಬುದಷ್ಟೇ ಆಸೆ.

ಮಾವ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ನಿವೃತ್ತರಾದವರು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದ ಸ್ವಂತ ಭಾವನಿಗೆ, ಅಂದರೆ ನನ್ನ ಅಪ್ಪನಿಗೆ, ದಂಡ ಹಾಕಿ ರಸೀದಿ ಹರಿದುಕೊಟ್ಟ ಪುಣ್ಯಾತ್ಮ. ಅಪ್ಪ ಬದುಕಿದ್ದ ತನಕ ಅವರ ಮನೆಗೆ ಬಸ್ಸಿನಲ್ಲೇ ಹೋದರು. ಮಾವನಿಗೆ ಮಕ್ಕಳಿಲ್ಲ, ಅತ್ತೆ ತೀರಿಕೊಂಡ ಮೇಲೆ ಒಬ್ಬರೇ. ನಾನೂ ಇನ್ನೊಂದು ಊರಿನಲ್ಲಿ, ಮುದ್ರಣಾಲಯದ ಮೇಲಿನ ಕೋಣೆಯಲ್ಲಿ ಒಬ್ಬನೇ. ಕಂಡವರ ಮದುವೆಯ ಕರೆಯೋಲೆಗೆ ಪ್ರಾಸ ಹೊಂದಿಸುವುದು ನನ್ನ ಹೊಟ್ಟೆಪಾಡು. ಆ ಮದುವೆಗಳಿಗೆ ನನ್ನನ್ನು ಯಾರೂ ಕರೆಯುವುದಿಲ್ಲ, ಅದು ಬೇರೆ ಮಾತು.

ನಮ್ಮಿಬ್ಬರ ನಡುವೆ ಉಳಿದಿದ್ದು ಅಂಚೆಚೀಟಿಯ ನಂಟು. ಹೊಸ ಚೀಟಿ ಬಂದಾಗಲೆಲ್ಲ ಅದನ್ನು ಲಕೋಟೆಗೆ ಅಂಟಿಸಿ ಅವರು ನನಗೆ, ನಾನು ಅವರಿಗೆ ಕಳಿಸುತ್ತಿದ್ದೆವು. ಒಳಗೆ ಕಾಗದವಿಲ್ಲ. ಮುದ್ರೆ ಸಪಾಟಾಗಿ ಬೀಳಲಿ ಎಂದು ಒಂದು ರಟ್ಟಿನ ತುಂಡು, ಅಷ್ಟೆ. ಅಂಗಡಿಯಿಂದ ನೇರ ಆಲ್ಬಮ್ಮಿಗೆ ಹೋಗುವ ಚೀಟಿ ಎಂದರೆ ಮಾವನಿಗೆ ತಾತ್ಸಾರ. ‘ಮುದ್ರೆ ಬೀಳದ ಚೀಟಿ, ಮಾತೇ ಆಡದ ಭೇಟಿ’ ಎಂದು ನಾನೊಮ್ಮೆ ಪ್ರಾಸ ಕಟ್ಟಿ ಹೇಳಿದಾಗ, “ಪರವಾಗಿಲ್ಲ, ನಿನ್ನ ಡಿಗ್ರಿ ಪೂರ್ತಿ ದಂಡ ಆಗಿಲ್ಲ” ಅಂದಿದ್ದರು.

ಈ ವರ್ಷ ನೀವು ಜೇನುನೊಣಗಳ ಆರು ಚೀಟಿಗಳ ಸರಣಿ ತಂದಿರಿ. ಚಿತ್ರಗಳ ಬಗ್ಗೆ ತಕರಾರಿಲ್ಲ. ಬರೆದ ಕೈಗೆ ನಮಸ್ಕಾರ. ಆರರಲ್ಲಿ ರಾಣಿ, ಗಂಡುನೊಣ, ಕಾಲಿಗೆ ಪರಾಗದ ಮೂಟೆ ಕಟ್ಟಿಕೊಂಡ ಕೆಲಸಗಾರ್ತಿ, ಮತ್ತೆ ಗೂಡಿನ ಬಾಗಿಲಲ್ಲಿ ನಿಂತು ಒಳಬರುವ ಒಂದೊಂದನ್ನೂ ಮೂಸಿ ನೋಡುವ ಕಾವಲು ನೊಣ. ಅದನ್ನು ಕಂಡ ದಿನವೇ ಮಾವ ಫೋನ್ ಮಾಡಿದರು.

“ಲೋ, ಇದು ನಮ್ಮ ಇಲಾಖೆ ಹುಳು ಕಣೋ. ಬಾಗಿಲಲ್ಲೇ ನಿಂತಿದೆ ನೋಡು. ಕೋಟು ಒಂದು ಕಮ್ಮಿ.”

“ರಾಣಿ ಬಂದ್ರೂ ಟಿಕೆಟ್ ಕೇಳತ್ತಾ ಮಾವ?”

“ಕೇಳದೆ? ನಿಮ್ಮಪ್ಪನ್ನೇ ಬಿಟ್ಟಿಲ್ಲ ನಾನು.”

ಅವರು ಅಷ್ಟು ನಕ್ಕಿದ್ದನ್ನು ಅತ್ತೆ ಹೋದ ಮೇಲೆ ನಾನು ಕೇಳಿರಲಿಲ್ಲ.

ಆದರೆ ಮಾನ್ಯರೇ, ಪ್ರತಿ ಚೀಟಿಯ ಮೂಲೆಯಲ್ಲಿ ನೀವು ಅಂಚೆಮುದ್ರೆಯ ಕಾಲುಭಾಗವನ್ನು ತೆಳ್ಳಗೆ, ಕಪ್ಪಗೆ, ಕಾರ್ಖಾನೆಯಲ್ಲೇ ಅಚ್ಚು ಹಾಕಿಸಿದ್ದಿರಿ. ‘ಸಂಗ್ರಾಹಕರ ಅನುಕೂಲಕ್ಕಾಗಿ’ ಎಂದು ಚೀಟಿ ಸುತ್ತಿಕೊಟ್ಟ ಹೊದಿಕೆಯ ಬೆನ್ನಿನಲ್ಲಿ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ ಬರೆದಿದ್ದೀರಿ. ಮಾವ ಆ ಕಪ್ಪು ಕಮಾನನ್ನು ನೊಣ ಹಾರಿಬಂದ ದಾರಿಯೆಂದು ತಿಳಿದರು. ಯಾರು ತಾನೇ ತಿಳಿಯುವುದಿಲ್ಲ? ಉಣ್ಣುವ ಮೊದಲೇ ಎಂಜಲು ಮಾಡಿ ಬಡಿಸುವ ಉಪಚಾರವನ್ನು ಅವರು ಬೇರೆಲ್ಲೂ ಕಂಡಿರಲಿಲ್ಲ. ಆರನ್ನೂ ಆರು ಲಕೋಟೆಗೆ ಅಂಟಿಸಿ ನನ್ನ ವಿಳಾಸ ಬರೆದು ಡಬ್ಬಿಗೆ ಹಾಕಿದರು. ಆರೂ ಕೆಂಪಾಗಿ ಅವರಿಗೇ ವಾಪಸ್ಸು ಬಂದವು.

ಬಂದದ್ದು ವಠಾರದ ಉದ್ದನೆಯ ಪಡಸಾಲೆಗೆ, ಎಲ್ಲರೂ ಬಟ್ಟೆ ಒಣಹಾಕುವ ಹೊತ್ತಿಗೆ. “ಏನ್ ಟಿಕೆಟ್ ಮಾಸ್ಟ್ರೇ, ನಿಮ್ಗೇ ದಂಡಾನಾ?” ಎಂದು ಎದುರುಮನೆಯಾಕೆ ಕೇಳಿದರಂತೆ. ತಮಾಷೆಗೇ ಕೇಳಿದ್ದು. ಮಾವ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸೀದಾ ನಿಮ್ಮ ಕೌಂಟರಿಗೆ ಹೋದರು.

“ಸೀಲ್ ಬಿದ್ದಿದೆಯಲ್ಲ ಯಜಮಾನ್ರೇ.”

“ನೀವೇ ಸೀಲ್ ಹಾಕಿ ಮಾರಿದ್ದಲ್ವೇನಪ್ಪಾ.”

“ಎಲ್ಲರೂ ಹಾಗೇ ಹೇಳ್ತಾರೆ.”

ಆ ಸಂಜೆ ಫೋನಿನಲ್ಲಿ ಮಾವನ ದನಿ ಬೇರೆ ಯಾರದ್ದೋ ಅನ್ನುವಂತಿತ್ತು. “ಎಲ್ಲರೂ ಹಾಗೇ ಹೇಳ್ತಾರೆ ಅಂತ ಸರ್ವೀಸಲ್ಲಿ ನಾನೂ ಎಷ್ಟು ಜನಕ್ಕೆ ಅಂದಿದೀನೋ. ಅದ್ರಲ್ಲಿ ನಿಜ ಹೇಳ್ದೋರು ಎಷ್ಟು ಜನ ಇದ್ರೋ ಏನೋ. ಇಡ್ತೀನಪ್ಪಾ.” ಆಲ್ಬಮ್ಮುಗಳು ಅಟ್ಟ ಸೇರಿದವು. ಈಗ ನಾನು ಫೋನ್ ಮಾಡಿದರೆ “ಹ್ಞೂಂ, ಚೆನ್ನಾಗಿದೀನಿ” ಎಂಬ ಎರಡೇ ಮಾತು.

ನಮ್ಮೂರಿನ ನಿಮ್ಮ ಕಚೇರಿಗೂ ಹೋಗಿ ಕೇಳಿದೆ. ಅಲ್ಲಿನ ಹೆಣ್ಣುಮಗಳು ಒಳ್ಳೆಯವಳು. “ಈ ಕಾಲದಲ್ಲಿ ಇದನ್ನ ಯಾರು ಸರ್ ಅಂಟಿಸ್ತಾರೆ? ಇಟ್ಕೊಳ್ಳೋಕೆ ಚೆಂದ” ಅಂದಳು. ಇಟ್ಟುಕೊಳ್ಳುವುದಕ್ಕೆ! ಜೇನುನೊಣ ಹೂವಿಂದ ಹೂವಿಗೆ ಹೋಗಿ ನಂಟು ಬೆಸೆಯುತ್ತದೆ ಎಂದು ನಿಮ್ಮ ಕರಪತ್ರವೇ ಕೊಂಡಾಡುತ್ತದೆ. ಅಂಥ ಜೀವಿಯನ್ನೇ ಆರಿಸಿ, ಅದು ಹೊಸಿಲು ದಾಟುವ ಮೊದಲೇ ‘ತಲುಪಿಯಾಯಿತು’ ಎಂದು ಮುದ್ರೆ ಒತ್ತಿದ್ದೀರಲ್ಲ, ಹೂವಿಗೆ ಹೋಗದ ಹುಳು, ಊರಿಗೆ ಹೋಗದ ಚೀಟಿ, ಇವೆರಡರಿಂದ ಯಾರಿಗೆ ಜೇನು? ಹಾಗೆ ಮಾರುವುದೇ ನಿಮ್ಮ ಪದ್ಧತಿಯಾದರೆ ಇರಲಿ, ಕೊಳ್ಳುವಾಗ ಒಂದು ಮಾತು ಹೇಳಲು ಕೌಂಟರಿನಲ್ಲಿ ಯಾರಿಗೂ ಬಾಯಿ ಇರಲಿಲ್ಲವೇ?

‘ಖಾಲಿ ಲಕೋಟೆಗೆ ಇಷ್ಟು ರಂಪವೇ’ ಎಂದು ನೀವು ಕೇಳಬಹುದು. ಖಾಲಿ ಅಲ್ಲ, ರಟ್ಟು ಇರುತ್ತಿತ್ತು ಎಂದೆನಲ್ಲ. ಮಾವ ಅದನ್ನು ಮನೆಯಲ್ಲಿ ಸಿಕ್ಕ ಪೆಟ್ಟಿಗೆಯಿಂದ ಕತ್ತರಿಸುತ್ತಿದ್ದರು. ಅತ್ತೆ ಇದ್ದಾಗ ಬಿಸ್ಕತ್ತಿನದು, ಸೋಪಿನದು. ಆಮೇಲಾಮೇಲೆ ಮಾತ್ರೆಯದು. ರಕ್ತದೊತ್ತಡ ಶುರುವಾದದ್ದು, ಮಂಡಿನೋವು ಹೆಚ್ಚಿದ್ದು, ನಿದ್ದೆ ಬಾರದಿದ್ದದ್ದು, ಇದ್ಯಾವುದನ್ನೂ ಅವರು ಬಾಯಿಬಿಟ್ಟು ಹೇಳಿದವರಲ್ಲ. ನಾನು ರಟ್ಟು ತಿರುಗಿಸಿ ಓದಿಕೊಂಡದ್ದು. ಕೊನೆಯದಾಗಿ ಬಂದದ್ದು ಹೃದಯದ ಮಾತ್ರೆಯ ಪೆಟ್ಟಿಗೆ. ಅದಾದ ಮೇಲೆ ಏನೂ ಬಂದಿಲ್ಲ. ಫೋನಿನಲ್ಲಿ ಅವರು ಚೆನ್ನಾಗಿದ್ದಾರೆ.

ನನ್ನ ಬೇಡಿಕೆ ಇಷ್ಟೆ. ತಪ್ಪು ಇಲಾಖೆಯದು ಎಂದು ಮಾವನಿಗೆ ಒಂದು ಪತ್ರ ಬರೆಯಿರಿ. ಮಿಂಚಂಚೆ ಬೇಡ, ಸುತ್ತೋಲೆ ಬೇಡ. ಲಕೋಟೆಯಲ್ಲಿ ಹಾಕಿ, ಮುದ್ರೆ ಬೀಳದ ಚೀಟಿ ಅಂಟಿಸಿ, ನಿಮ್ಮ ಕಚೇರಿಯಲ್ಲೇ ಕೈಯಾರೆ ಮುದ್ರೆ ಒತ್ತಿಸಿ ಕಳಿಸಿ. ಅದೇ ಪಡಸಾಲೆಯಲ್ಲಿ, ಅಕ್ಕಪಕ್ಕದವರು ಬಟ್ಟೆ ಒಣಹಾಕುವ ಹೊತ್ತಿಗೇ ತಲುಪಲಿ. ಅಂಚೆಯವರು ಬರುವ ಸಮಯಕ್ಕೆ ಮಾವ ಈಗ ಬಾಗಿಲು ಹಾಕಿಕೊಳ್ಳುತ್ತಾರಂತೆ. ಸಂದಿಯಿಂದ ತೂರಿಸಿ ಹೋಗದಿರಲಿ. ತಟ್ಟಲಿ. ಅವರಿಗೆ ಮಂಡಿನೋವು, ಎದ್ದು ಬರುವುದು ತಡವಾಗುತ್ತದೆ. ಕಾಯಲು ಹೇಳಿ. ನಾನೂ ಕಾಯುತ್ತಿದ್ದೇನೆ.

ಇಂತಿ,
ಊರಿನ ಮದುವೆಗಳಿಗೆಲ್ಲ ಕರೆಯೋಲೆ ಬರೆದು, ತನಗೊಂದು ಖಾಲಿ ಲಕೋಟೆಯೂ ಬಾರದ
ಒಬ್ಬ ಸೋದರಳಿಯ